ಹೊರಬೀಡಿನಲ್ಲಿ ಕಾದಾರಿದ ನೀರು

ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯವರು ಟಿವಿ ಮುಂದೆ ಕೂತು ಒಬ್ಬ ಬಿಳಿಯ ಮನುಷ್ಯ ಕಾಡಿನಲ್ಲಿ ಪಡುವ ಪಾಡನ್ನು ನೋಡುತ್ತಾರೆ. ಆ ಮನುಷ್ಯನಿಗೆ ಮನೆಮಠ ಇಲ್ಲವೋ, ಇದ್ದೂ ಹೆಂಡತಿ ಒಳಗೆ ಸೇರಿಸುವುದಿಲ್ಲವೋ ನನಗೆ ಗೊತ್ತಿಲ್ಲ. ಯಾರೋ ಅವನನ್ನು ಹೆಲಿಕಾಪ್ಟರಿನಲ್ಲಿ ತಂದು ಕಾಡಿಗೋ ಮರುಭೂಮಿಗೋ ಇಳಿಸಿ ಹೋಗುತ್ತಾರೆ. ಅವನು ಪಾಚಿಗಟ್ಟಿದ ಗುಂಡಿ ಹುಡುಕುತ್ತಾನೆ, ಕಾಲುಚೀಲದಲ್ಲಿ ನೀರು ಸೋಸುತ್ತಾನೆ, ಎರಡು ಕಡ್ಡಿ ಉಜ್ಜಿ ಉಜ್ಜಿ ಹೊಗೆ ಬರಿಸುತ್ತಾನೆ, ಆಮೇಲೆ ನಮ್ಮ ಕಡೆ ತಿರುಗಿ ನಮಗೇ ಏನೋ ಉಪಕಾರ ಮಾಡಿದವನ ಹಾಗೆ ನಗುತ್ತಾನೆ. ಅವನನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಿರುವವನ ಹತ್ತಿರ ಒಂದು ನೀರಿನ ಬಾಟಲಿಯಾದರೂ ಇರಬೇಕಲ್ಲ, ಕೇಳಿ ಇಸಿದುಕೊಳ್ಳಬಾರದೇ ಎಂದು ನಾನು ಅಂದರೆ ನಮ್ಮ ಮನೆಯವರಿಗೆ ಕೋಪ ಬರುತ್ತದೆ.

"ನಿಂಗೆ ಎಲ್ಲಾದ್ರಲ್ಲೂ ಅನುಮಾನ ಕಣೇ. ಬೆಂಕಿ ಮಾಡೋದು ಅಂದ್ರೆ ಅದೊಂದು ವಿದ್ಯೆ" ಎನ್ನುತ್ತಾರೆ.

ಬೇರೆ ಯಾರು ಈ ಮಾತು ಹೇಳಿದ್ದರೂ ನಾನು ಹೂಂಗುಟ್ಟುತ್ತಿದ್ದೆ. ಇವರ ಬಾಯಲ್ಲಿ ಕೇಳಿದರೆ ಮಾತ್ರ ನಗು ತಡೆಯುವುದಿಲ್ಲ. ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿ ನಕ್ಕು ಬರುತ್ತೇನೆ. ಯಾಕೆ ಎಂದು ನಿಮಗೆ ಹೇಳಬೇಕಾದರೆ ನಮ್ಮೂರಿನ ಹೊರಬೀಡಿನ ಕಥೆ ಹೇಳಬೇಕು. ಅದನ್ನು ಹೇಳುವುದಕ್ಕೂ ಮೊದಲು ರೇಷ್ಮೆಹುಳದ ವಿಷಯ ಹೇಳಬೇಕು. ನನ್ನ ಮಾತೇ ಹೀಗೆ, ಮಾಲೂರಿಗೆ ಹೊರಟವಳು ಮುಳಬಾಗಿಲಿನ ಬಸ್ಸು ಹತ್ತುತ್ತೇನೆ. ಸ್ವಲ್ಪ ಸಹಿಸಿಕೊಳ್ಳಿ.

ಮಾಲೂರು ತಾಲ್ಲೂಕಿನ ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾಲ್ಕು ಕೋಣೆ. ಅದರಲ್ಲಿ ದೊಡ್ಡ ಎರಡು ಕೋಣೆ ರೇಷ್ಮೆಹುಳಕ್ಕೆ, ಉಳಿದ ಎರಡು ಮನುಷ್ಯರಿಗೆ. ಹುಳ ಮೇಯಲು ಶುರುಮಾಡಿದರೆ ನಾವೆಲ್ಲ ಮೆಲ್ಲಗೆ ಮಾತಾಡಬೇಕು, ಒಗ್ಗರಣೆ ಘಾಟು ಬರದ ಹಾಗೆ ಅಡುಗೆ ಮಾಡಬೇಕು. ಅವು ಒಂದು ಸಲ ಪೊರೆ ಬಿಡುವುದಕ್ಕೆ ನಮ್ಮ ಕಡೆ ಒಂದು ಜ್ವರ ಎನ್ನುತ್ತಾರೆ. ನನಗೆ ನಿಜವಾದ ಜ್ವರ ಬಂದಾಗ ಅಪ್ಪ ಮಾತ್ರೆ ತಂದುಕೊಟ್ಟು ಹೊಲಕ್ಕೆ ಹೋದವರು, ಹುಳಕ್ಕೆ ಮೂರನೇ ಜ್ವರ ಎಂದು ರಾತ್ರಿಯೆಲ್ಲ ಎದ್ದು ಕೂತಿದ್ದರು. ನಾನು ಇದನ್ನು ಎತ್ತಿ ಆಡಿದರೆ, "ನೀನು ಬಾಯಿಬಿಟ್ಟು ಹೇಳ್ತೀಯ ಕಣಮ್ಮ, ಅವು ಹೇಳ್ತಾವಾ?" ಎನ್ನುತ್ತಿದ್ದರು.

ಈ ಹುಳಗಳಿಗೆ ಜನ್ಮವೈರಿ ಎಂದರೆ ತಂಬಾಕು. ಬೀಡಿ ಸೇದಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೂ ಸಾಕು, ಹುಳ ತಲೆ ಎತ್ತಿ ಒದ್ದಾಡಿ, ಹಸಿರು ಕಕ್ಕಿ ಸಾಯುತ್ತದೆ. ಹಾಗಾಗಿ ನನಗೆ ಗಂಡು ನೋಡುವಾಗ ಅಪ್ಪ ಜಾತಕ, ಜಮೀನು, ಕುಲ ಯಾವುದನ್ನೂ ಮೊದಲು ಕೇಳುತ್ತಿರಲಿಲ್ಲ. "ಹುಡುಗ ಬೀಡಿ ಸೇದ್ತಾನಾ?" ಇಷ್ಟೇ ಪ್ರಶ್ನೆ. ಇಲ್ಲ ಎಂದರೂ ನಂಬುತ್ತಿರಲಿಲ್ಲ. ಗಂಡು ಮನೆಗೆ ಬಂದಾಗ ಎರಡು ಕೈಯನ್ನೂ ಪ್ರೀತಿಯಿಂದ ಹಿಡಿದುಕೊಂಡು, ಮಾತಾಡುತ್ತ ಮಾತಾಡುತ್ತ ಮೂಗಿನ ಹತ್ತಿರ ತಂದು ಬೆರಳು ಮೂಸಿಬಿಡುತ್ತಿದ್ದರು. ಮೊದಲು ಬಂದ ಕೋಲಾರದ ಗಂಡು ಹೀಗೆ ಮೂಸಿಸಿಕೊಂಡೇ ಹೋದ. ಎರಡನೆಯ ಗಂಡಿನ ಬೆರಳು ಚೊಕ್ಕಟವಾಗಿತ್ತು, ಆದರೆ ತನ್ನ ಕೈಯನ್ನು ಮೂಸಿದ ಮಾವನ ಮನೆಗೆ ಅವನು ಮತ್ತೆ ಬರಲಿಲ್ಲ. ಮನೆಯಲ್ಲಿ ಅಮ್ಮ ಕಣ್ಣೀರು ಹಾಕುತ್ತಿದ್ದಳು. ನನಗೆ ಇಪ್ಪತ್ತನಾಲ್ಕು ತುಂಬುತ್ತಿತ್ತು. ಆ ಕಾಲದಲ್ಲಿ ಇಪ್ಪತ್ತನಾಲ್ಕು ಎಂದರೆ, ಊರಿನವರು ಎದುರಿಗೆ ಸಿಕ್ಕಾಗ ಮದುವೆಯ ಮಾತು ಬಿಟ್ಟು ಆರೋಗ್ಯ ವಿಚಾರಿಸಲು ಶುರುಮಾಡುವ ವಯಸ್ಸು.

ಮೂರನೆಯ ಸಂಬಂಧ ಶ್ರೀನಿವಾಸಪುರದ ಕಡೆಯಿಂದ ಬಂತು. ಮಾವಿನ ತೋಪಿನ ಮನೆ, ಹುಡುಗ ಪ್ರೈಮರಿ ಸ್ಕೂಲ್ ಮೇಷ್ಟ್ರು, ಹೆಸರು ವೆಂಕಟರವಣ. ಬೀಡಿ ಮುಟ್ಟುವುದಿಲ್ಲ ಎಂದು ಅವರ ತಾಯಿ ದೇವರ ಮೇಲೆ ಆಣೆ ಮಾಡಿದ್ದರಂತೆ. ಬರುವ ಶುಕ್ರವಾರ ಹೆಣ್ಣು ನೋಡುವುದು ಎಂದು ಗೊತ್ತಾಯಿತು.

ಅದೇ ವಾರ ಊರಿಗೆ ವಾಂತಿಭೇದಿ ಬಂತು.

ಎಪ್ಪತ್ತರ ದಶಕದ ಕೊನೆಯ ಒಂದು ಮುಂಗಾರು ಅದು. ಊರ ನಡುವಿನ ಬಾವಿಗೆ ಕೊಚ್ಚೆ ನೀರು ಇಳಿದಿತ್ತು. ನಮ್ಮ ಹಿಂದಿನ ಮನೆಯ ಕೂಸೊಂದು ಕೋಲಾರದ ದೊಡ್ಡಾಸ್ಪತ್ರೆ ಸೇರಿ ಹೇಗೋ ಬದುಕಿ ಬಂದಿತ್ತು. ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದು ಬಾವಿಗೆ ಬಿಳಿ ಪುಡಿ ಸುರಿದು, ಊರ ಗೌಡರನ್ನು ಮಾರಮ್ಮನ ಗುಡಿಯ ಮುಂದೆ ನಿಲ್ಲಿಸಿ, "ಇನ್ಮೇಲೆ ಈ ಊರಲ್ಲಿ ಯಾರೂ ಕುದಿಸದೆ ಇರೋ ನೀರು ಕುಡೀಕೂಡ್ದು. ಅದು ನಿಮ್ಮ ಜವಾಬ್ದಾರಿ" ಎಂದು ಮಾತು ತೆಗೆದುಕೊಂಡು ಹೋದರು. ಕೂಸಿನ ಪಾಡು ಕಣ್ಣಾರೆ ಕಂಡಿದ್ದ ಗೌಡರು ಗುಡಿಯ ಮುಂದೆ ಕೊಟ್ಟ ಮಾತು ಎಂದು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಜೊತೆಗೆ ಹಿಂದಿನಿಂದ ಬಂದದ್ದನ್ನೂ ಬಿಡುವ ಹಾಗಿಲ್ಲವಲ್ಲ. ಶುಕ್ರವಾರ ಹೊರಬೀಡು ಎಂದು ತಮಟೆ ಹೊಡೆಸಿದರು.

ಹೊರಬೀಡು ಎಂದರೆ ಇಷ್ಟು. ಊರಿಗೆ ರೋಗರುಜಿನ ಬಂತೆಂದರೆ ಮಾರಮ್ಮ ಊರೊಳಗೆ ಓಡಾಡುತ್ತಿದ್ದಾಳೆ ಎಂದು ಅರ್ಥ. ಒಂದು ದಿನ ಅವಳಿಗೆ ಊರು ಬಿಟ್ಟುಕೊಡಬೇಕು. ಹೊತ್ತು ಹುಟ್ಟುವ ಮುಂಚೆ ಮನೆಮನೆಯ ಒಲೆ ಆರಿಸಿ, ಜನ, ದನ, ಕುರಿ, ಕೋಳಿ, ನಾಯಿ ಸಮೇತ ಎಲ್ಲರೂ ಊರಾಚೆ ಹೋಗಬೇಕು. ಊರಬಾಗಿಲಿಗೆ ಮುಳ್ಳು ಎಳೆಯಬೇಕು. ಹೊತ್ತು ಮುಳುಗುವ ತನಕ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಊರಿನ ಬೆಂಕಿ ಹೊರಗೆ ಬರಬಾರದು, ಊರಿನ ನೀರು ಹೊರಗೆ ಕುಡಿಯಬಾರದು. ಪೂಜಾರಿ ಚಕಮುಕಿ ಕಲ್ಲು ಕುಟ್ಟಿ ಹೊಸ ಬೆಂಕಿ ಮಾಡುತ್ತಾನೆ, ಅದರಲ್ಲೇ ಎಲ್ಲರೂ ಬೇಯಿಸಿ ಉಂಡು, ಸಂಜೆ ಅದೇ ಬೆಂಕಿಯನ್ನು ತಂದು ಒಲೆ ಹಚ್ಚುತ್ತಾರೆ.

ಹೆಣ್ಣು ನೋಡುವುದನ್ನು ಮುಂದಕ್ಕೆ ಹಾಕೋಣ ಎಂದು ಅಪ್ಪ ಅಂದಾಗ ಅಮ್ಮ ಕುಡುಗೋಲು ಹಿಡಿದುಕೊಂಡೇ ಎದ್ದು ಬಂದಳು. "ಮುಂದಕ್ಕೆ ಹಾಕಿ ಹಾಕಿ ಇವಳಿಗೆ ಷಷ್ಟಿಪೂರ್ತಿ ಮಾಡ್ತೀರಾ? ಗುಡ್ಡದ ಮೇಲೇ ನೋಡ್ಲಿ ಬಿಡಿ. ಹುಡುಗಿ ಅಲ್ಲೇನು ಬೇರೆ ಥರ ಕಾಣ್ತಾಳಾ?"

ಹೀಗೆ ನನ್ನ ಹೆಣ್ಣು ನೋಡುವ ಶಾಸ್ತ್ರ ಕಾಡುಪಾಲಾಯಿತು. ಕಾಡು ಎಂದೆನಲ್ಲ, ಅದಕ್ಕೆ ಸ್ವಲ್ಪ ವಿವರಣೆ ಬೇಕು. ನಮ್ಮ ಕಡೆ ಕಾಡು ಎಂದರೆ ಬಂಡೆ, ಅದರ ಮೇಲೆ ಇನ್ನೊಂದು ಬಂಡೆ, ಸಂದಿಯಲ್ಲಿ ಲಾಂಟಾನ, ಆಚೆಗೊಂದು ನೀಲಗಿರಿ ತೋಪು. ಹುಲಿ ಕರಡಿಯ ಮಾತು ಹಾಗಿರಲಿ, ದಾರಿ ತಪ್ಪುವುದೂ ಕಷ್ಟ. ಯಾವ ಬಂಡೆ ಹತ್ತಿ ನಿಂತರೂ ನಾಲ್ಕು ಊರು ಕಾಣುತ್ತವೆ, ಇಟ್ಟಿಗೆ ಗೂಡುಗಳ ಹೊಗೆ ಕಾಣುತ್ತದೆ, ಬೆಂಗಳೂರಿನ ರೈಲು ಕೂಗುವುದು ಕೇಳುತ್ತದೆ. ಇಂಥ ಕಡೆ ನೀರು ಬೆಂಕಿ ಇಲ್ಲದೆ ಕಷ್ಟಪಡಬೇಕಾದರೆ ಬಹಳ ಶ್ರದ್ಧೆಯಿಂದ ಪ್ರಯತ್ನಿಸಬೇಕು. ನಮ್ಮೂರಿನವರು ಪ್ರಯತ್ನಿಸಿದರು.

ಶುಕ್ರವಾರ ಬೆಳಗ್ಗೆ ಊರು ಹೊರಟದ್ದನ್ನು ನೀವು ನೋಡಬೇಕಿತ್ತು. ಒಬ್ಬರ ಕಂಕುಳಲ್ಲಿ ಹುಂಜ, ಒಬ್ಬರ ತಲೆಯ ಮೇಲೆ ಹೊಲಿಗೆ ಮೆಷಿನ್ನು. ಮಾರಮ್ಮ ಹೊಲಿಗೆ ಮೆಷಿನ್ನು ಏಕೆ ಮುಟ್ಟುತ್ತಾಳೆ ಎಂದು ಕೇಳಿದರೆ, ಹೆಂಗಸಲ್ಲವೇ ಎಂದ ನಮ್ಮ ದರ್ಜಿ. ನಮ್ಮ ಅಜ್ಜಿಯನ್ನು ಮಂಚದ ಸಮೇತ ನಾಲ್ಕು ಜನ ಹೊತ್ತರು. ಅಜ್ಜಿ ದಾರಿಯುದ್ದಕ್ಕೂ, "ನಿಧಾನಕ್ಕೆ ಹೋಗ್ರೋ, ನಾನಿನ್ನೂ ಸತ್ತಿಲ್ಲ" ಎಂದು ಬೈಯುತ್ತಿದ್ದಳು. ರೇಷ್ಮೆಹುಳಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತ್ತು. ತಟ್ಟೆ ಅಲುಗಿಸಿದರೆ ಹುಳ ಕೆಡುತ್ತದೆ ಎಂದು ಅಪ್ಪ ವಾದಿಸಿ ವಾದಿಸಿ, ಅವು ಹಿಪ್ಪುನೇರಳೆ ಸೊಪ್ಪಿನ ಕೆಳಗೆ ಇರುವುದರಿಂದ ದೇವಿಗೆ ಕಾಣುವುದಿಲ್ಲ ಎಂದು ಗೌಡರನ್ನು ಒಪ್ಪಿಸಿದ್ದರು.

ಊರಬಾಗಿಲಲ್ಲಿ ಗೌಡರು ಒಂದು ದೊಡ್ಡ ಮೊರ ಇಟ್ಟುಕೊಂಡು ಕೂತಿದ್ದರು. ಹಿಂದಿನ ಸಲದ ಹೊರಬೀಡಿನಲ್ಲಿ ಯಾರೋ ಕದ್ದು ಬೀಡಿ ಹಚ್ಚಿದ್ದರಿಂದಲೇ ಈ ಸಲ ಮಾರಮ್ಮ ಮುನಿದಿದ್ದಾಳೆ ಎಂದು ಅವರ ಲೆಕ್ಕಾಚಾರ. ದಾಟುವ ಪ್ರತಿಯೊಬ್ಬ ಗಂಡಸಿನ ಜೇಬು ತಡಕಿ ಬೆಂಕಿಪೊಟ್ಟಣ ಕಿತ್ತು ಮೊರಕ್ಕೆ ಹಾಕಿದರು. ಬೀಡಿಗಳನ್ನು ಕೇಳಲಿಲ್ಲ, ಅದು ಅವರ ದೊಡ್ಡ ಮನಸ್ಸು. ಎಲ್ಲರೂ ದಾಟಿದ ಮೇಲೆ ಮೊರವನ್ನು ಅರಳಿಕಟ್ಟೆಯ ಮೇಲಿಟ್ಟು, ಹೊರಗೆ ಬಂದು, ಮುಳ್ಳು ಎಳೆಸಿದರು. ಗುಡ್ಡದ ಹುಣಸೆಮರಗಳ ಕೆಳಗೆ ನಾವು ಬೀಡುಬಿಟ್ಟ ಜಾಗಕ್ಕೂ ಆ ಕಟ್ಟೆಗೂ ಕೂಗಳತೆ ದೂರ. ದಿನವಿಡೀ ಊರಿನ ಗಂಡಸರೆಲ್ಲ ಹಚ್ಚದ ಬೀಡಿಯನ್ನು ತುಟಿಯಲ್ಲಿಟ್ಟುಕೊಂಡು ಆ ಮೊರವನ್ನು ನೋಡುತ್ತ ಕೂತಿದ್ದರು.

ನೀರಿನ ಕೆಲಸ ಹೆಂಗಸರದು, ಅದು ಸುಲಭವಾಗಿ ಮುಗಿಯಿತು. ಗುಡ್ಡದ ಮೇಲೆ ಬಂಡೆಯಲ್ಲೇ ಮಳೆನೀರು ನಿಲ್ಲುವ ಒಂದು ದೊಣೆ ಇತ್ತು, ಆದರೆ ಅದರಲ್ಲಿ ಆಗಲೇ ಗೊದಮೊಟ್ಟೆಗಳು ಸಂಸಾರ ಹೂಡಿದ್ದವು. ಹಾಗಾಗಿ ನಾವು ಕೆಳಗಿನ ಹಳ್ಳಕ್ಕೆ ಇಳಿದು ಮರಳಿನಲ್ಲಿ ಒರತೆ ತೋಡಿದೆವು. ಮೊಣಕೈ ಆಳಕ್ಕೆ ಹೋಗುತ್ತಲೇ ನೀರು ಒಸರಿತು. ಮೊದಲ ಕೆಸರು ನೀರನ್ನು ಚೆಲ್ಲಿ, ಒರತೆ ತಿಳಿಯಾಗುವ ತನಕ ಕಾದು, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಿದೆವು. ಅಜ್ಜಿ ಮಡಿಲಿನಿಂದ ಚಿಲ್ಲದ ಬೀಜ ತೆಗೆದು ಕೊಡದ ಒಳಮೈಗೆ ತೇಯ್ದಳು, ಉಳಿದ ಮಣ್ಣೂ ತಳಕ್ಕೆ ಇಳಿಯಿತು. ತಳದಲ್ಲಿ ಬಿದ್ದ ಒಂದು ಸಾಸಿವೆಯೂ ಕಾಣುವಷ್ಟು ತಿಳಿನೀರು.

ಎಲ್ಲರೂ ಲೋಟ ಹಿಡಿದು ಸಾಲಾಗಿ ನಿಂತರು. ಆಗ ಗೌಡರು ಕೊಡಗಳ ಮುಂದೆ ಕೋಲು ಅಡ್ಡ ಹಿಡಿದರು.

"ಕುದಿಸದೆ ಒಂದು ಹನಿ ಬಾಯಿಗೆ ಹಾಕೂಡದು. ನಾನು ಮಾತು ಕೊಟ್ಟಿದ್ದೀನಿ."

"ಕುದ್ಸೋಕೆ ಬೆಂಕಿ ಎಲ್ಲಿ ಗೌಡ್ರೇ?"

"ಪೂಜಾರಿ ಮಾಡ್ತಾ ಅವನೆ. ಒಂದು ಗಳಿಗೆ ತಡೀರಿ."

ಪೂಜಾರಿ ಮುನಿಯಣ್ಣ ಮಾಡುತ್ತಲೇ ಇದ್ದ. ಹಳೆಯ ಪೂಜಾರಿ ಹಿಂದಿನ ವರ್ಷ ತೀರಿಕೊಂಡು, ಮಗ ಮುನಿಯಣ್ಣನಿಗೆ ಇದು ಮೊದಲ ಹೊರಬೀಡು. ಅಪ್ಪ ಕೊಟ್ಟುಹೋದ ಕಲ್ಲು ಇತ್ತು, ಉಕ್ಕಿನ ತುಂಡು ಇತ್ತು, ಬೂರುಗದ ಅರಳೆ ಇತ್ತು. ಕಲೆಯನ್ನು ಮಾತ್ರ ಅಪ್ಪ ಹೇಳಿಕೊಡಲು ಮರೆತಿದ್ದ. ಮುನಿಯಣ್ಣ ಕುಟ್ಟಿದ, ಕಿಡಿ ಹಾರಿತು, ಅರಳೆಯನ್ನು ಬಿಟ್ಟು ಬೇರೆ ಎಲ್ಲದರ ಮೇಲೂ ಬಿತ್ತು. ಮತ್ತೆ ಕುಟ್ಟಿದ, ಹೆಬ್ಬೆರಳು ಜಜ್ಜಿಕೊಂಡ. ಸುತ್ತ ನಿಂತವರು ಬೀಡಿ ಬಾಯಲ್ಲಿಟ್ಟುಕೊಂಡೇ ಸಲಹೆ ಕೊಡತೊಡಗಿದರು. ಒಬ್ಬ ಬಿದಿರು ತರಲು ಓಡಿದ. ಒಬ್ಬ ಸಗಣಿ ಬೆರಣಿಯನ್ನು ಪುಡಿಮಾಡಿ ತಂದ. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಉಳಿಯಿಂದ ಬೆಂಕಿಯೇ ಹಾರುತ್ತದೆ, ಯಾರಾದರೂ ಹೋಗಿ ಒಬ್ಬ ಶಿಲ್ಪಿಯನ್ನು ಕರೆತನ್ನಿ ಎಂದ ಇನ್ನೊಬ್ಬ. ದರ್ಜಿ ತನ್ನ ದಪ್ಪ ಕನ್ನಡಕ ತೆಗೆದು ಬಿಸಿಲಿಗೆ ಹಿಡಿದ. ಬಿಸಿಲು ಇರಲಿಲ್ಲ, ಮೋಡ ಕವಿದಿತ್ತು. ಮೋಡ ಸರಿಯಲಿ ಎಂದು ಅವನು ಬಹಳ ಹೊತ್ತು ಕೈ ಎತ್ತಿಕೊಂಡೇ ನಿಂತಿದ್ದ. ಕನ್ನಡಕ ಇಲ್ಲದೆ ಮೋಡ ಸರಿದದ್ದೂ ಅವನಿಗೆ ಕಾಣುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಪಕ್ಕದೂರಿನಿಂದ ಬೆಂಕಿ ತರೋಣ ಎಂದರೆ ಅವರ ಊರಿನ ರೋಗವೂ ಅದರ ಜೊತೆ ಬರುತ್ತದೆ. ಇಟ್ಟಿಗೆ ಗೂಡಿನಿಂದ ತರೋಣ ಎಂದರೆ ಅದು ಮಣ್ಣು ಸುಟ್ಟ ಬೆಂಕಿ, ಅನ್ನ ಬೇಯಿಸಬಾರದು. ಗೌಡರ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ಮಕ್ಕಳು ನೀರು ನೀರು ಎಂದು ಅಳುತ್ತಿದ್ದವು. ಅಜ್ಜಿ ಮಂಚದ ಮೇಲಿಂದಲೇ, "ನಾನು ಎಂಬತ್ತು ವರ್ಷ ಒರತೆ ನೀರು ಕುಡ್ದೇ ಬದುಕಿರೋದು ಕಣೋ ಗೌಡ" ಎಂದು ಕೂಗಿದಳು. "ಅದಕ್ಕೇ ಇನ್ನು ಸಾಕು ಕಣಜ್ಜಿ, ಕುದಿಸಿ ಕುಡಿ" ಎಂದರು ಗೌಡರು.

ಇಂಥ ಶುಭ ಮುಹೂರ್ತದಲ್ಲಿ ಗಂಡಿನ ಕಡೆಯವರು ಬಸ್ಸಿಳಿದು ಬಂದರು. ಗಂಡು, ಅವರ ತಾಯಿ, ಅವರ ದೊಡ್ಡಪ್ಪ. ಊರಬಾಗಿಲಲ್ಲಿ ಮುಳ್ಳು ಕಂಡು ದಿಕ್ಕು ತೋಚದೆ ನಿಂತಿದ್ದವರನ್ನು ಗುಡ್ಡದ ಮೇಲಿಂದ ಇಡೀ ಊರು ಒಟ್ಟಿಗೆ ಕೂಗಿ ಕರೆಯಿತು. ಕನ್ನಡದಲ್ಲಿ ಕೂಗಿದವರೆಷ್ಟೋ, ಬನ್ನಿ ಎನ್ನುವುದಕ್ಕೆ "ರಂಡಿ, ರಂಡಿ" ಎಂದು ತೆಲುಗಿನಲ್ಲಿ ಕೂಗಿದವರೆಷ್ಟೋ. ಪಾಪ, ಅವರಿಗೆ ಏನನ್ನಿಸಿತೋ. ಏದುಸಿರು ಬಿಡುತ್ತ ಹತ್ತಿ ಬಂದರು. ಅಪ್ಪ ಎದುರು ಹೋಗಿ ಗಂಡಿನ ಎರಡೂ ಕೈ ಹಿಡಿದುಕೊಂಡು, ಬಸ್ಸು ಸಿಕ್ತಾ, ಸೀಟು ಸಿಕ್ತಾ ಎಂದು ಕೇಳುತ್ತ ಕೇಳುತ್ತ ಮೂಸಿದರು. ನಾನು ಬಂಡೆಯ ಮರೆಯಿಂದ ನೋಡುತ್ತಿದ್ದೆ. ಅಪ್ಪನ ಮುಖ ಅರಳಲೂ ಇಲ್ಲ, ಮುದುಡಲೂ ಇಲ್ಲ.

ಅವರನ್ನು ಬಂಡೆಯ ಮೇಲೆ ಜಮಖಾನ ಹಾಸಿ ಕೂರಿಸಿದರು. ದೊಡ್ಡಪ್ಪ ಹೆಗಲ ಟವಲಿನಿಂದ ಬೆವರು ಒರೆಸಿಕೊಂಡು, "ಶಾನಾ ದಾಹ ಸ್ವಾಮೀ. ಮೊದ್ಲು ಒಂದು ಚೆಂಬು ನೀಳ್ಳು ಕೊಡ್ಸಿ" ಎಂದರು. ಎದುರಿಗೇ ಏಳು ಕೊಡ ತಿಳಿನೀರು ಇತ್ತು. ಅಪ್ಪ ಕೊಡಗಳನ್ನು ನೋಡಿದರು, ಗೌಡರ ಕೋಲನ್ನು ನೋಡಿದರು, ಆಕಾಶ ನೋಡಿದರು.

"ಇನ್ನೇನು ಕುದಿಯುತ್ತೆ" ಎಂದರು.

"ಕುದಿಯೋಕೆ ಒಲೇನೇ ಹಚ್ಚಿಲ್ವಲ್ಲಯ್ಯಾ!"

ಅಮ್ಮನಿಗೆ ಗಾಬರಿಯಾಯಿತು. ಗಾಬರಿಯಾದಾಗ ಅವಳು ಶಾಸ್ತ್ರ ಹಿಡಿಯುತ್ತಾಳೆ. ಖಾಲಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿ ನನ್ನ ಕೈಗೆ ಕೊಟ್ಟು, "ಹೋಗಿ ಕಾಫಿ ಕೊಡು" ಎಂದಳು.

"ಏನೂ ಇಲ್ವಲ್ಲಮ್ಮಾ ಇದ್ರಲ್ಲಿ?"

"ಇಲ್ಲ ಅಂತ ಎಲ್ರಿಗೂ ಗೊತ್ತು. ನೀನು ತಲೆ ತಗ್ಗಿಸ್ಕೊಂಡು ಕೊಡು, ಸಾಕು."

ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು, ನಾನು ಇಡೀ ಊರಿನ ಎದುರು ಖಾಲಿ ಲೋಟ ಹಂಚಲು ಹೋದೆ. ದೊಡ್ಡಪ್ಪ ಲೋಟ ತೆಗೆದುಕೊಂಡು ಒಳಗೆ ಇಣುಕಿ, ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಿದರು. ಅತ್ತೆ ಆಗುವವರು ತೆಗೆದುಕೊಳ್ಳಲೇ ಇಲ್ಲ. ಗಂಡು ಮಾತ್ರ ಲೋಟ ತೆಗೆದುಕೊಂಡು, ಬಿಸಿಯಿದೆ ಎನ್ನುವ ಹಾಗೆ ಉಫ್ ಎಂದು ಊದಿ, ಒಂದು ಗುಟುಕು ಹೀರಿ, "ಸಕ್ಕರೆ ಸರಿಯಾಗಿದೆ" ಎಂದರು. ನಗಲೂ ಇಲ್ಲ. ನನಗೆ ಆ ಕ್ಷಣವೇ ಅವರು ಹಿಡಿಸಿಬಿಟ್ಟರು. ಹಿಂದೆ ಬಂದ ಇಬ್ಬರು ಹೋದಾಗ ನನಗೆ ಹೆಚ್ಚು ದುಃಖವೇನೂ ಆಗಿರಲಿಲ್ಲ, ಅಮ್ಮನ ಕಣ್ಣೀರಿಗೆ ಸಂಕಟವಾಗಿತ್ತು ಅಷ್ಟೇ. ಇವರು ಹೋಗಿಬಿಟ್ಟರೆ ನಾನೇ ಅಳುತ್ತೇನೆ ಎಂದು ಬಂಡೆಯ ಮೇಲೆ ನಿಂತು ತಿಳಿಯಿತು.

"ಹುಡುಗಿಗೆ ಅಡುಗೆ ಬರುತ್ತಾ?" ಎಂದು ಅವರ ತಾಯಿ ಕೇಳಿದರು.

"ಬೆಂಕಿ ಇದ್ರೆ ಬರುತ್ತೆ" ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಅಮ್ಮ ನನ್ನ ಸೊಂಟ ಚಿವುಟಿದಳು.

ದೊಡ್ಡಪ್ಪ ಎದ್ದು ನಿಂತು ಟವಲು ಕೊಡವಿದರು. "ಏಮಯ್ಯಾ, ಬಂದೋರಿಗೆ ನೀಳ್ಳೇ ಕೊಡದ ಮನೇಲಿ ಹೆಣ್ಣು ತರಾದಾ? ನಡೀರಿ, ಮೂರು ಗಂಟೆ ಬಸ್ಸು ಸಿಗುತ್ತೆ." ಅಪ್ಪ ಕೈಮುಗಿದರು. ಗೌಡರೂ ಕೈಮುಗಿದರು, ಕೋಲು ಮಾತ್ರ ಕೆಳಗಿಡಲಿಲ್ಲ. ಬೆಂಕಿಯೊಂದು ಹತ್ತಿದರೆ ಎಲ್ಲ ಸರಿಹೋಗುತ್ತದೆ, ಪೂಜಾರಿಗೆ ಇವತ್ತು ಯಾಕೋ ಕಲ್ಲು ಒಲಿಯುತ್ತಿಲ್ಲ ಎಂದು ವಿವರಿಸಿದರು.

ಹೊರಟಿದ್ದ ದೊಡ್ಡಪ್ಪ ಗಕ್ಕನೆ ನಿಂತರು. "ಕಲ್ಲಲ್ಲಿ ಬೆಂಕೀನಾ? ಅಷ್ಟೇನಾ? ಲೇ ರವಣಾ, ನೀನು ಇಸ್ಕೂಲಲ್ಲಿ ಅದೇ ಪಾಠ ಅಲ್ವೇನ್ರಾ ಮಾಡಾದು? ಆದಿಮಾನವ, ಕಲ್ಲಿಗೆ ಕಲ್ಲು ಉಜ್ಜಿ ಬೆಂಕಿ ಕಂಡುಹಿಡಿದ ಅಂತ? ಹೋಗು, ಮಾಡಿ ತೋರ್ಸು. ಮಾ ವಾಡು ಮೇಷ್ಟ್ರು ಸ್ವಾಮೀ, ಮೇಷ್ಟ್ರು!"

ಗಂಡಿನ ಮುಖ ಬಿಳಿಚಿಕೊಂಡಿತು. ಪಾಠ ಮಾಡುವುದಕ್ಕೂ ಬೆಂಕಿ ಮಾಡುವುದಕ್ಕೂ ಇರುವ ದೂರವನ್ನು ಅವರು ದೊಡ್ಡಪ್ಪನಿಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇಡೀ ಊರು ಅವರನ್ನು ಎತ್ತಿಕೊಂಡು ಹೋಗದಿದ್ದುದೇ ಹೆಚ್ಚು. ಮುನಿಯಣ್ಣ ಕಲ್ಲನ್ನೂ ಉಕ್ಕನ್ನೂ ಅವರ ಕೈಗಿಟ್ಟು, ಬಿಡುಗಡೆಯಾದವನ ಹಾಗೆ ಹುಣಸೆಮರಕ್ಕೆ ಒರಗಿ ಕೂತ. ಗಂಡು ಸುತ್ತ ನೋಡಿ, ಎರಡು ಬಂಡೆಗಳ ಸಂದಿಯೊಂದನ್ನು ಆರಿಸಿಕೊಂಡರು. "ಇಲ್ಲಿ ಗಾಳಿ ಕಮ್ಮಿ. ಎಲ್ರೂ ಸ್ವಲ್ಪ ದೂರ ನಿಂತ್ಕೋಬೇಕು" ಎಂದು ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ ಹೇಳಿದರು. ಊರು ಹಿಂದೆ ಸರಿಯಿತು. ಅಪ್ಪ ಎಲ್ಲರಿಗಿಂತ ಮುಂದೆ ನಿಂತರು. ತರಗು ಕೊಡಲು ಅಮ್ಮ ನನ್ನನ್ನು ತಳ್ಳಿದಳು.

ಅವರು ನನಗೆ ಬೆನ್ನು ಹಾಕಿ ಕೂತು ಟಕ್ ಟಕ್ ಎಂದು ಕುಟ್ಟುತ್ತಿದ್ದರು. ನಾನು ತರಗಿನ ಮಂಕರಿ ಇಳಿಸಿ ಬಗ್ಗಿದಾಗ ಕಂಡಿತು. ಎಡಗೈ ಕಲ್ಲು ಕುಟ್ಟುತ್ತಿತ್ತು, ಬಲಗೈ ಒಳಜೇಬಿನಲ್ಲಿತ್ತು. ಅದು ಹೊರಗೆ ಬಂದಾಗ ಬೆರಳುಗಳ ಮಧ್ಯೆ ಒಂದು ಬೆಂಕಿಪೊಟ್ಟಣ. ಅದರ ಜೊತೆಗೇ ಅರ್ಧ ಇಣುಕಿದ ಬೀಡಿಕಟ್ಟು. ಅವರು ತಲೆಯೆತ್ತಿದರು, ನನ್ನನ್ನು ನೋಡಿದರು, ಕುಟ್ಟುವುದು ನಿಂತುಹೋಯಿತು.

"ಏನಾಯ್ತು?" ಎಂದು ಅಪ್ಪನ ದನಿ ಹತ್ತಿರವೇ ಕೇಳಿತು.

ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡುವ ಅಭ್ಯಾಸ ನನಗೆ ಮದುವೆಯಾದ ಮೇಲೆ ಬಂದದ್ದು. ಸೆರಗಿನ ಚುಂಗು ಎರಡೂ ಕೈಯಲ್ಲಿ ಹಿಡಿದು ಪರದೆಯ ಹಾಗೆ ಅಗಲಿಸಿ ನಿಂತುಬಿಟ್ಟೆ. "ಏನಿಲ್ಲಪ್ಪಾ, ಗಾಳಿ ಬೀಸ್ತಾ ಐತೆ, ಅಡ್ಡ ಹಿಡಿದಿದೀನಿ" ಎಂದೆ. ಆಮೇಲೆ ಹಲ್ಲು ಕಚ್ಚಿಕೊಂಡು ಕೆಳಗೆ, "ಬೇಗ ಗೀರ್ರಿ" ಎಂದೆ. ನಮ್ಮ ದಾಂಪತ್ಯದಲ್ಲಿ ನಾನು ಅವರಿಗೆ ಹೇಳಿದ ಮೊದಲ ಮಾತು ಅದು.

ಅವರು ಗೀರಿದರು. ಮೊದಲ ಕಡ್ಡಿ ಮುರಿಯಿತು, ಎರಡನೆಯದು ಹತ್ತಿತು. ಸದ್ದು ಕೇಳದಿರಲೆಂದು ನಾನು ಜೋರಾಗಿ ಕೆಮ್ಮಿದೆ. ಅರಳೆ ಹತ್ತಿಕೊಂಡಿತು, ತರಗು ಹತ್ತಿಕೊಂಡಿತು, ನನ್ನ ರೇಷ್ಮೆ ಸೀರೆಯ ಅಂಚೂ ಒಂದಿಷ್ಟು ಹತ್ತಿಕೊಂಡಿತು. ಅದನ್ನು ಅವರು ಅಂಗೈಯಲ್ಲಿ ಬಡಿದು ಆರಿಸಿದರು. ಪೊಟ್ಟಣವನ್ನು ಎಲ್ಲಿಡುವುದೆಂದು ತೋಚದೆ ಅತ್ತಿತ್ತ ನೋಡುತ್ತಿದ್ದಾಗ ನಾನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೊಗೆ ಎದ್ದದ್ದೇ ತಡ, ಊರೆಲ್ಲ ಹೋ ಎಂದು ಕೂಗಿತು. ತಮಟೆ ಬಡಿದರು. ಗೌಡರು ಕೋಲು ಎಸೆದು ಮೇಷ್ಟ್ರಿಗೆ ಅಡ್ಡಬಿದ್ದರು. ಗಂಡಸರೆಲ್ಲ ಬೀಡಿ ಹಿಡಿದುಕೊಂಡು ಬೆಂಕಿಯತ್ತ ನುಗ್ಗಿದಾಗ ಅವರನ್ನು ಅಟ್ಟಲು ಕೋಲಿಗಾಗಿ ಮತ್ತೆ ತಡಕಾಡಿದರು. ಏಳು ಒಲೆಗಳ ಮೇಲೆ ಏಳು ಕೊಡದ ನೀರು ಕುದಿಯಿತು. ಕುದಿದ ನೀರನ್ನು ಕುಡಿಯಲಾದೀತೇ? ಮತ್ತೆ ಆರುವ ತನಕ ಊರೆಲ್ಲ ಕಾದು ಕೂತಿತು. ದೊಡ್ಡಪ್ಪ ಚೆಂಬನ್ನು ಊದಿ ಊದಿ ಇನ್ನಷ್ಟು ದಾಹ ಮಾಡಿಕೊಂಡರು. ಕೊನೆಗೆ ಕುಡಿದು ಮೀಸೆ ಒರೆಸಿಕೊಂಡು, "ಹೊಗೆ ವಾಸನೆ. ಆದ್ರೂ ನೀಳ್ಳಂದ್ರೆ ನೀಳ್ಳು" ಎಂದರು. ಆಮೇಲೆ ಅಪ್ಪನ ಹೆಗಲ ಮೇಲೆ ಕೈಹಾಕಿ ಒಂದು ವಾದ ಹೂಡಿದರು. "ಬೀಡಿ ಬೀಡಿ ಅಂತಿದ್ರಲ್ಲ ನೀವು. ಬೀಡಿ ಸೇದೋನಾಗಿದ್ರೆ ಜೇಬಲ್ಲಿ ಅಗ್ಗಿಪೆಟ್ಟೆ ಇರ್ತಿತ್ತು. ಅಗ್ಗಿಪೆಟ್ಟೆ ಇದ್ದಿದ್ರೆ ಕಲ್ಲು ಯಾಕೆ ಕುಟ್ತಿದ್ದ? ನೀವೇ ಹೇಳಿ."

ಇದಕ್ಕೆ ಊರಿನಲ್ಲಿ ಎಲ್ಲರೂ ತಲೆದೂಗಿದರು. ಅಪ್ಪ ಮಾತ್ರ, "ಹೊತ್ತು ಮುಳುಗಲಿ. ಊರೊಳಕ್ಕೆ ಹೋದ್ಮೇಲೆ ಹೇಳ್ತೀನಿ" ಎಂದರು.

ಈ ಬೆಂಕಿಯಿಂದ ನಮ್ಮ ಮನೆಯವರು ಮುಂದೆ ಪಟ್ಟ ಪಾಡನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಆಮೇಲೆ ಮರೆತರೆ ಕಷ್ಟ. ಅವರ ಕೀರ್ತಿ ಮಾಲೂರಿನಿಂದ ಶ್ರೀನಿವಾಸಪುರದ ತನಕ ಹಬ್ಬಿತು. ಎಂಬತ್ತರ ದಶಕದಲ್ಲಿ ಮುನಿಯಣ್ಣ ಬಾಳೆಗೊನೆ ಹೊತ್ತುಕೊಂಡು ನಮ್ಮ ಮನೆಗೆ ಬಂದು, ಶಿಷ್ಯನಾಗಿ ಸೇರಿಸಿಕೊಳ್ಳಿ, ಕಲ್ಲಿನ ವಿದ್ಯೆ ಹೇಳಿಕೊಡಿ ಎಂದು ಕಾಲು ಹಿಡಿದ. ಇವರು ಅವನನ್ನು ಜಗಲಿಯಲ್ಲಿ ಕೂರಿಸಿ, ಹಿತ್ತಲಿಗೆ ಹೋಗಿ, ಎರಡು ಕಲ್ಲು ಹಿಡಿದು ಕತ್ತಲಾಗುವ ತನಕ ಗುಟ್ಟಾಗಿ ಕುಟ್ಟಿದರು. ಬೆಂಕಿಯ ಬದಲು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದರು. ಕೊನೆಗೆ ಗುರುಗಳು ಬಾಗಿಲು ಹಾಕಿಕೊಂಡು ಶಿಷ್ಯನಿಗೆ ವಿದ್ಯೆಯನ್ನು ಧಾರೆಯೆರೆದರು. ಮುನಿಯಣ್ಣ ಒಳಗಿನಿಂದ ಬಂದಾಗ ಅವನ ಮುಖದಲ್ಲಿ ಎಂಥ ಭಕ್ತಿ! ನನ್ನನ್ನು ನೋಡಿ, "ನಮ್ಮಪ್ಪನೂ ಹಿಂಗೇ ಮಾಡ್ತಿದ್ನೇನೋ ಅಮ್ಮಯ್ಯ" ಎಂದ. ಅಲ್ಲಿಂದ ಮುಂದೆ ನಮ್ಮೂರಿನ ಹೊರಬೀಡುಗಳಲ್ಲಿ ಪೂಜಾರಿ ಕಲ್ಲು ಕುಟ್ಟಿದರೆ ಸಾಕು, ಮೊದಲ ಪೆಟ್ಟಿಗೇ ಬೆಂಕಿ. ಅವನ ಹೆಂಡತಿ ಪಕ್ಕದಲ್ಲಿ ಸೆರಗು ಹಿಡಿದು ನಿಲ್ಲುವುದೂ ಈಗ ಶಾಸ್ತ್ರದ ಭಾಗವೇ ಆಗಿಹೋಗಿದೆಯಂತೆ.

ಇರಲಿ, ಆ ಸಂಜೆಗೆ ಬರುತ್ತೇನೆ. ಹೊತ್ತು ಮುಳುಗಿತು, ಮುಳ್ಳು ತೆಗೆದರು. ಮಡಕೆಗಳಲ್ಲಿ ಕೆಂಡ ಹಿಡಿದು ಊರು ಇಳಿಯತೊಡಗಿತು. ಗಂಡಿನ ಕಡೆಯವರು ಅಮ್ಮನ ಜೊತೆ ಮುಂದೆ ಹೋಗುತ್ತಿದ್ದರು. ನಾನು ಕೋಳಿ ಪಂಜರ ಹಿಡಿದು ಹಿಂದೆ ಬರುತ್ತಿದ್ದೆ. ಹೆಜ್ಜೆಹೆಜ್ಜೆಗೂ ಪೊಟ್ಟಣದ ಮೂಲೆ ಸೊಂಟಕ್ಕೆ ಚುಚ್ಚುತ್ತಿತ್ತು. ಅಪ್ಪ ನಡಿಗೆ ನಿಧಾನ ಮಾಡಿ ನನ್ನ ಪಕ್ಕಕ್ಕೆ ಬಂದರು.

"ಇವತ್ತು ಗಾಳಿ ಯಾವ ಕಡೆಯಿಂದ ಇತ್ತಮ್ಮ?"

"ಪಡುವಲ ಕಡೆಯಿಂದ ಅಪ್ಪ."

"ಹೂಂ. ನೀನು ಸೆರಗು ಹಿಡಿದಿದ್ದು ಮೂಡಲಿಗೆ. ನಾನು ನಿಂತಿದ್ದ ಕಡೆಗೆ."

ಎಲ್ಲ ಮುಗಿಯಿತು, ಈ ಗಂಡೂ ಹೋದರು ಎಂದುಕೊಂಡೆ. ಕಣ್ಣು ತುಂಬಿ ದಾರಿ ಕಾಣಲಿಲ್ಲ. ಅಪ್ಪ ಕೋಳಿ ಪಂಜರವನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಅಷ್ಟು ಹಿಡಿಸಿದ್ನಾ?"

ಹೌದೆಂದು ತಲೆ ಆಡಿಸಿದೆ. ಅಪ್ಪ ನಿಂತು ಕೈ ಚಾಚಿದರು. ನಾನು ಪೊಟ್ಟಣ ತೆಗೆದು ಅವರ ಅಂಗೈಯಲ್ಲಿಟ್ಟೆ. ಜನ್ಮದಲ್ಲಿ ತಂಬಾಕಿನವರ ನೆರಳು ಸೋಕಿಸಿಕೊಳ್ಳದ ಮನುಷ್ಯ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಮುಂದಿದ್ದವರನ್ನು ಸೇರಿಕೊಳ್ಳಲು ದಾಪುಗಾಲು ಹಾಕಿದರು. ನಾನು ಮನೆ ಮುಟ್ಟುವಷ್ಟರಲ್ಲಿ ಗಂಡಿನ ಕಡೆಯವರನ್ನು ಒಳಗೆ ಬಿಡದೆ ಬೀದಿಯಲ್ಲೇ ಬೇವಿನ ಮರದ ಕೆಳಗೆ ಕೂರಿಸಿದ್ದರು.

"ಹುಡುಗ ನಮಗೆ ಒಪ್ಪಿಗೆ" ಎನ್ನುತ್ತಿದ್ದರು ಅಪ್ಪ. "ಆದ್ರೆ ಮದುವೆ ಮಾತ್ರ ಹುಳ ಗೂಡು ಕಟ್ಟಿ, ಗೂಡು ಮಾರಿ ಬಂದ್ಮೇಲೆ. ಅಲ್ಲೀವರೆಗೂ ಅಳಿಯಂದಿರು ಈ ಹೊಸಲು ತುಳಿಯೋದು ಬೇಡ."